ಹುಬ್ಬಳ್ಳಿಯ ಐದು ಮಂದಿಯ ಮನೆಗೆ ಸಿಟಿ, ವರ್ನಾ, ಸ್ಲಾವಿಯಾ: ಯಾವುದು ಸರಿ?

ನೀವು ಕೇಳಿದ್ದು ಇಷ್ಟು: ಹುಬ್ಬಳ್ಳಿಯಲ್ಲಿ ಮನೆ, ನೀವಿಬ್ಬರು, ಇಬ್ಬರು ಮಕ್ಕಳು, ಮೊಣಕಾಲು ನೋವಿರುವ ನಿಮ್ಮ ತಂದೆ. ಹದಿನೈದು ದಿನಕ್ಕೊಮ್ಮೆ ನವಲಗುಂದದ ಹತ್ತಿರದ ಊರಿಗೆ ಹೋಗಬೇಕು. ಹೋಂಡಾ ಸಿಟಿ, ಹ್ಯುಂಡೈ ವರ್ನಾ, ಸ್ಕೋಡಾ ಸ್ಲಾವಿಯಾ, ಈ ಮೂರು ಪೆಟ್ರೋಲ್ ಸೆಡಾನ್ ಕಾರುಗಳಲ್ಲಿ ಯಾವುದು ತಗೊಳ್ಳಲಿ?

ನಾನು ಧಾರವಾಡದವನು. 2021ರಿಂದ ಹೋಂಡಾ ಸಿಟಿ ಸಿವಿಟಿ, ಅಂದರೆ ಆಟೊಮ್ಯಾಟಿಕ್ ಗೇರಿನದು, ಓಡಿಸುತ್ತಿದ್ದೇನೆ. ತಮ್ಮನಿಗೆ ಗಾಡಿ ಹುಡುಕುವಾಗ ಉಳಿದೆರಡನ್ನೂ ಓಡಿಸಿ ನೋಡಿದ್ದೇನೆ. ನಮ್ಮ ಹೊಲಮನೆ ಅಣ್ಣಿಗೇರಿ ಕಡೆ, ಹಾಗಾಗಿ ನಿಮ್ಮ ದಾರಿ ನನಗೆ ಗೊತ್ತು.

ಮೊದಲು ಆ ದಾರಿಯ ಮಾತೇ ಆಡುತ್ತೇನೆ. ನಮ್ಮ ಕಡೆಯದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಮೇಲಿನ ಡಾಂಬರು ಅದರ ಜೊತೆಗೇ ಏರಿ ಇಳಿಯುತ್ತದೆ. ಹೆದ್ದಾರಿ ಬಿಟ್ಟು ಹಳ್ಳಿ ರಸ್ತೆಗೆ ಇಳಿದರೆ ತಗ್ಗು ಕಾಣುವುದಿಲ್ಲ, ಆದರೆ ಗಾಡಿ ದೋಣಿಯಂತೆ ತೂಗುತ್ತದೆ. ಮುಂದೆ ಕೂತವರಿಗೆ ಅದು ಅಷ್ಟಾಗಿ ತಿಳಿಯುವುದಿಲ್ಲ. ಹಿಂದೆ ಕೂತವರಿಗೆ ಸೊಂಟದಲ್ಲಿ ತಿಳಿಯುತ್ತದೆ. ಶೋರೂಮಿನವರು ಟೆಸ್ಟ್ ಡ್ರೈವ್‌ಗೆ ಕರೆದುಕೊಂಡು ಹೋಗುವ ಗೋಕುಲ ರೋಡಿನಲ್ಲಿ ಇದೊಂದೂ ಗೊತ್ತಾಗುವುದಿಲ್ಲ.

ನಾನು ಕೊಳ್ಳುವಾಗ ಒಬ್ಬನೇ ಓಡಿಸಿ ನೋಡಿ ಮುಂಗಡ ಕೊಟ್ಟೆ. ಅದು ನನ್ನ ತಪ್ಪು. ಮೊದಲ ಸುಗ್ಗಿಗೆ ಊರಿಂದ ಬರುವಾಗ ಡಿಕ್ಕಿಯಲ್ಲಿ ಒಂದು ಚೀಲ ಜೋಳ, ಅರ್ಧ ಚೀಲ ಕಡಲೆ, ಒಳಗೆ ಐದು ಜನ. ಊರ ಶಾಲೆಯ ಮುಂದಿನ ಹಂಪ್ ದಾಟುವಾಗ ಗಾಡಿಯ ಹೊಟ್ಟೆ ಕರ್ ಎಂದು ಉಜ್ಜಿತು. ಇಳಿದು ನೋಡಿದೆ. ಖಾಲಿ ಇದ್ದಾಗ ಹಿಂದಿನ ಟೈರಿಗೂ ಮೇಲಿನ ತಗಡಿಗೂ ನಡುವೆ ನಾಲ್ಕು ಬೆರಳು ಹಿಡಿಸುತ್ತಿದ್ದವು, ಈಗ ಎರಡೇ. ಸಿಟಿಯ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವಿನ ಅಂತರ, 165 ಮಿ.ಮೀ., ಸ್ಲಾವಿಯಾದ್ದು 179. ಈ ಹದಿನಾಲ್ಕು ಮಿಲಿಮೀಟರ್ ಕಾಗದದ ಮೇಲೆ ಏನೂ ಅಲ್ಲ, ಆ ಹಂಪ್ ಮೇಲೆ ಬಹಳ ದೊಡ್ಡದು. ಅಂದಿನಿಂದ ಲೋಡ್ ಇದ್ದಾಗ ಗಾಳಿ ಹೆಚ್ಚು ಹಾಕಿಸುತ್ತೇನೆ. ಎಷ್ಟು ಅನ್ನುವುದು ಡ್ರೈವರ್ ಬಾಗಿಲಿನ ಪಕ್ಕದ ಚೀಟಿಯಲ್ಲೇ ಬರೆದಿರುತ್ತದೆ, ಬಹಳ ಮಂದಿ ನೋಡುವುದೇ ಇಲ್ಲ. ಹಂಪನ್ನು ಓರೆಯಾಗಿ ದಾಟುವುದೂ ರೂಢಿಯಾಗಿದೆ.

ಪಿಕಪ್ ವಿಷಯಕ್ಕೆ ಬಂದರೆ, ಬರೀ ಪಿ.ಎಸ್. (ಎಂಜಿನ್ನಿನ ಗರಿಷ್ಠ ಶಕ್ತಿ) ಅಂಕಿ ನೋಡಬೇಡಿ. ಸಿಟಿಯ 1.5 ಲೀಟರ್ ಎಂಜಿನ್ 121 ಪಿ.ಎಸ್., ಸ್ಲಾವಿಯಾದ 1.0 ಲೀಟರ್ ಟರ್ಬೊ (ಎಂಜಿನ್ನಿಗೆ ಒತ್ತಿ ಗಾಳಿ ತುಂಬುವಂಥದ್ದು) 115. ಕಾಗದದಲ್ಲಿ ಸಿಟಿ ಮುಂದು. ಆದರೆ ಸಿಟಿಯ 145 ಎನ್.ಎಂ. ಟಾರ್ಕ್, ಅಂದರೆ ಎಳೆಯುವ ಬಲ, ಪೂರ್ತಿ ಸಿಗುವುದು ಎಂಜಿನ್ ನಿಮಿಷಕ್ಕೆ 4300 ಸುತ್ತು (ಆರ್.ಪಿ.ಎಂ.) ತಿರುಗಿದಾಗ, ಸ್ಲಾವಿಯಾದ 178 ಸಿಗುವುದು 1750ರಲ್ಲೇ. ಐದು ಜನ ಕೂತು, ಎ.ಸಿ. ಹಾಕಿ, ಕಬ್ಬಿನ ಟ್ರ್ಯಾಕ್ಟರನ್ನು ಹಿಂದಿಕ್ಕಬೇಕು ಅಂದಾಗ ನನ್ನ ಸಿಟಿ ಮೊದಲು ಕೂಗುತ್ತದೆ, ಆಮೇಲೆ ಓಡುತ್ತದೆ. ಸ್ಲಾವಿಯಾ ಒತ್ತಿದ ಕೂಡಲೇ ಎಳೆಯುತ್ತದೆ. ಇದೇ ಸ್ಲಾವಿಯಾ ಚೆನ್ನಮ್ಮ ಸರ್ಕಲ್ಲಿನ ಗದ್ದಲದಲ್ಲಿ ಇಂಚು ಇಂಚು ಹೋಗುವಾಗ, ಟರ್ಬೊ ಏಳುವ ಮೊದಲು, ಸ್ವಲ್ಪ ತಡವರಿಸುತ್ತದೆ. ಅಲ್ಲಿ ನನ್ನ ಸಿವಿಟಿ ಬೆಣ್ಣೆ. ವರ್ನಾದ ಟರ್ಬೊ 160 ಪಿ.ಎಸ್. ಬಲವಾದದ್ದು, ಆದರೆ ಮನೆ ಮಂದಿಯನ್ನು ಕೂರಿಸಿಕೊಂಡು ಅಷ್ಟು ಬಲ ಬಳಸುವ ಸಂದರ್ಭ ನಿಮಗೆ ಬರಲಾರದು. ಅದರ ಟರ್ಬೊ ಇಲ್ಲದ ಸಾದಾ 1.5 ಸಾಕು.

ಹಿಂದಿನ ಸೀಟಿನಲ್ಲಿ ಮೂವರು ಕೂರುವುದಾದರೆ ಸಿಟಿಯೇ ಹಿತ. ಸ್ಲಾವಿಯಾದಲ್ಲಿ ನಡುವಿನ ನೆಲದ ಉಬ್ಬು ಎತ್ತರ, ಮಧ್ಯದ ಮಗು ಕಾಲನ್ನು ಅತ್ತಿತ್ತ ಹಾಕಿ ಕೂರಬೇಕು. ವರ್ನಾದ ಚಾವಣಿ ಹಿಂದಕ್ಕೆ ಇಳಿಜಾರು, ನಿಮ್ಮ ತಂದೆ ಎತ್ತರದವರಾದರೆ ತಲೆ ತಾಗಬಹುದು. ಡಿಕ್ಕಿ ಮೂರರಲ್ಲೂ 500 ಲೀಟರ್ ಮೇಲೆಯೇ, ಅದರ ಚಿಂತೆ ಬೇಡ.

ಸುರಕ್ಷತೆಯಲ್ಲಿ ನನ್ನ ಮನಸ್ಸು ಸ್ಲಾವಿಯಾ ಕಡೆ. 2023ರಲ್ಲಿ ಸ್ಲಾವಿಯಾ, ವರ್ನಾ ಎರಡಕ್ಕೂ, ಗಾಡಿಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ, ಐದು ನಕ್ಷತ್ರ ಕೊಟ್ಟಿತು. ಆದರೆ ವರ್ನಾದ ಬಾಡಿ ಶೆಲ್ (ಗಾಡಿಯ ಮೈಕಟ್ಟು) ಅಸ್ಥಿರ ಅಂತಲೂ ಅದೇ ವರದಿ ಹೇಳಿತು. ಸ್ಲಾವಿಯಾದ್ದು ಸ್ಥಿರ.

ಇನ್ನು ದುಡ್ಡು. 2025ರ ಸೆಪ್ಟೆಂಬರ್ 22ರಿಂದ ಇಂಥ ಗಾಡಿಗಳ ಮೇಲಿನ ತೆರಿಗೆ, ಸೆಸ್ ಸೇರಿ 45 ಪ್ರತಿಶತ ಇದ್ದದ್ದು, 40ಕ್ಕೆ ಇಳಿಯಿತು. ಎಕ್ಸ್ ಶೋರೂಂ ಬೆಲೆಯಷ್ಟೇ ನೋಡಿ ಖುಷಿ ಪಡಬೇಡಿ. ನಮ್ಮ ರಾಜ್ಯದಲ್ಲಿ 10 ಲಕ್ಷದಿಂದ 20 ಲಕ್ಷದ ಗಾಡಿಗೆ ಲೈಫ್‌ಟೈಮ್ ಟ್ಯಾಕ್ಸ್ 17 ಪ್ರತಿಶತ, ಆ ಟ್ಯಾಕ್ಸಿನ ಮೇಲೆ ಮತ್ತೆ 11 ಪ್ರತಿಶತ ಸೆಸ್. 13 ಲಕ್ಷದ ಗಾಡಿಗೆ ಇದೇ ಸುಮಾರು 2.45 ಲಕ್ಷ. ಅದಕ್ಕೇ ಮೇಲಿನ ವೇರಿಯಂಟ್‌ಗೆ ಒಂದೂವರೆ ಲಕ್ಷ ಹೆಚ್ಚು ಅಂದರೆ ನಿಮ್ಮ ಕೈಯಿಂದ ಹೋಗುವುದು ಒಂದೂಮುಕ್ಕಾಲು ಲಕ್ಷ ದಾಟುತ್ತದೆ. ಸನ್‌ರೂಫ್‌ಗೆ ನಾನಂತೂ ಅಷ್ಟು ಕೊಡುವುದಿಲ್ಲ. ನಮ್ಮ ಏಪ್ರಿಲ್ ಬಿಸಿಲಿಗೆ ಅದನ್ನು ತೆರೆಯುವವರು ಯಾರು? ಗಾಳಿ ಬರುವ ಸೀಟು ಬೇಕೆಂದರೆ ಮಾತ್ರ ಒಪ್ಪುತ್ತೇನೆ. ಸಿಟಿ ಸಿವಿಟಿಗೆ ಕಂಪನಿ ಹೇಳುವ ಮೈಲೇಜ್ ಲೀಟರಿಗೆ 18.4 ಕಿ.ಮೀ. ನನಗೆ ಹುಬ್ಬಳ್ಳಿ-ಧಾರವಾಡದ ಒಳಗೆ 11-12, ಹೆದ್ದಾರಿಯಲ್ಲಿ 16-17.

ನಿಮ್ಮ ಮನೆಗೆ ನನ್ನ ಆಯ್ಕೆ ಸ್ಲಾವಿಯಾ 1.0. ಊರಿನ ದಾರಿ ಮತ್ತು ಲೋಡ್ ನೋಡಿ ಹೇಳುತ್ತಿದ್ದೇನೆ, ನನ್ನ ಗಾಡಿ ಸಿಟಿಯಾದರೂ. ಆದರೆ ಮುಂಗಡ ಕೊಡುವ ಮೊದಲು ಐದೂ ಜನ ಹೋಗಿ. ನವಲಗುಂದ ರಸ್ತೆಗೆ ಹತ್ತು ಕಿಲೋಮೀಟರ್ ಒಯ್ಯಲು ಬಿಡಿ ಅಂತ ಹಟ ಹಿಡಿಯಿರಿ. ಹೋಗುವಾಗ ನೀವೇ ಹಿಂದೆ ಕೂತುಕೊಳ್ಳಿ. ಸೆಡಾನ್ ಸೀಟು ತಗ್ಗು. ನನ್ನ ತಂದೆ ಮೊದಲ ಸಲ ಕೂತಾಗ "ನೆಲದ ಮ್ಯಾಲೆ ಕುಂತಂಗ ಆತಲ್ಲೋ ತಮ್ಮಾ" ಅಂದರು, ಇಳಿಯುವಾಗ ನಾನು ಕೈ ಕೊಡಬೇಕಾಯಿತು, ಇವತ್ತಿಗೂ ಕೊಡುತ್ತೇನೆ. ನಿಮ್ಮ ತಂದೆಯನ್ನು ಮೂರು ಸಲ ಹತ್ತಿಸಿ ಇಳಿಸಿ ನೋಡಿ. ಮೂರನೇ ಸಲ ಅವರು ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಏಳುತ್ತಿದ್ದರೆ ಈ ಮೂರನ್ನೂ ಬಿಟ್ಟು ಎತ್ತರದ ಸೀಟಿನ ಗಾಡಿ ನೋಡಿ.