ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಡಬಹುದಾ?

ನಿಮ್ಮ ಮಧುಗಿರಿ ಕಡೆ ಸೋಲಾರ್ ಕಂಪನಿಯವರು ಜಮೀನು ಗುತ್ತಿಗೆಗೆ ಕೇಳುತ್ತಿದ್ದಾರೆ, ಪಾವಗಡದವರಿಗೆ ನಿಜವಾಗಿ ಲಾಭ ಆಯ್ತಾ ಅಂತ ಕೇಳಿದ್ದೀರಿ. ಜಮೀನಿದ್ದವರಿಗೆ ಆಯ್ತು. ಕೂಲಿಯವರಿಗೆ ಆಗಲಿಲ್ಲ.

ನಮ್ಮದು ಪಾವಗಡ ತಾಲ್ಲೂಕಿನ ನಾಗಲಮಡಿಕೆ ಹೋಬಳಿ. ಮಳೆ ನಂಬಿದ ನಮ್ಮ ಖುಷ್ಕಿ ಹೊಲವೂ ಪಾವಗಡದ ಸೋಲಾರ್ ಪಾರ್ಕಿನೊಳಗೇ ಇದೆ. ಒಟ್ಟು ಸುಮಾರು 13,000 ಎಕರೆ, 2,050 ಮೆಗಾವಾಟ್. ಇಲ್ಲಿ ಸರ್ಕಾರ ಮಾಡಿದ ಒಳ್ಳೆ ಕೆಲಸ ಅಂದ್ರೆ ಭೂಮಿಯನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದದ್ದು. ಪಹಣಿ ಇವತ್ತಿಗೂ ರೈತರ ಹೆಸರಲ್ಲೇ ಇದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಯ್ತು. ಮಳೆ ಕೈಕೊಟ್ಟರೆ ಬಿತ್ತನೆ ಬೀಜದ ದುಡ್ಡೂ ಹುಟ್ಟದ ಕಡ್ಲೆಕಾಯಿ ಹೊಲಕ್ಕೆ ಅದು ದೊಡ್ಡ ದುಡ್ಡೇ.

ಆದರೆ ಗುತ್ತಿಗೆ ಏರುವ ಲೆಕ್ಕ ನೋಡಿ. ಎರಡು ವರ್ಷಕ್ಕೊಮ್ಮೆ 5% ಮಾತ್ರ. ಹೀಗೇ ಹೋದರೆ 26 ವರ್ಷಕ್ಕೆ ಎಕರೆಗೆ ಸುಮಾರು 39,600 ಆಗುತ್ತದೆ. ಬೆಲೆ ಏರಿಕೆ ವರ್ಷಕ್ಕೆ 4% ಅಂತ ಇಟ್ಟುಕೊಂಡರೂ, ಮೊದಲ ವರ್ಷದ 21,000ಕ್ಕೆ ಸಿಗುತ್ತಿದ್ದ ಸಾಮಾನು ಕೊಳ್ಳಲು ಆಗ 58,000 ಬೇಕು. ಅಂದರೆ ದುಡ್ಡು ಜಾಸ್ತಿ ಆಗುತ್ತಾ ಹೋದರೂ ಗುತ್ತಿಗೆ ಕರಗುತ್ತಲೇ ಇರುತ್ತದೆ. ಸಹಿ ಹಾಕುವಾಗ ಎಲ್ಲರೂ ಮೊದಲ ವರ್ಷದ ಮೊತ್ತವನ್ನೇ ನೋಡುತ್ತಾರೆ. ನೀವು ಗುತ್ತಿಗೆ ಎಷ್ಟು ಏರುತ್ತದೆ ಅಂತ ಕರಾರಿನಲ್ಲಿ ಬರೆಯುವ ಸಾಲಿಗೆ ಪಟ್ಟು ಹಿಡಿಯಿರಿ.

ಇನ್ನು ಕೂಲಿಯವರ ವಿಷಯ. ಕಡ್ಲೆಕಾಯಿಗೆ ಕಳೆ ತೆಗೆಯಬೇಕು, ಗಿಡ ಕೀಳಬೇಕು, ರಾಶಿ ಮುಂದೆ ಕೂತು ಕಾಯಿ ಬಿಡಿಸಬೇಕು. ಈ ಕೆಲಸವೆಲ್ಲ ಹೆಚ್ಚಾಗಿ ಹೆಂಗಸರದು. ಹೊಲ ಹೋದ ದಿನವೇ ಆ ಕೂಲಿ ಹೋಯ್ತು. ಬೇಲಿಯೊಳಗೆ ಈಗಿರುವುದು ಪ್ಯಾನಲ್ ತೊಳೆಯೋದು, ಹುಲ್ಲು ಕೊಯ್ಯೋದು, ಕಾವಲು ಕಾಯೋದು. ಅಷ್ಟು ಜನರಿಗೆ ಅದು ಸಾಲಲ್ಲ. ಕುರಿ ಮೇಯಿಸುವವರು ಬೇಲಿ ಸುತ್ತಿಕೊಂಡು ಹೋಗಬೇಕು. ಇವರ್ಯಾರಿಗೂ ಪಹಣಿ ಇಲ್ಲ, ಹಾಗಾಗಿ ಗುತ್ತಿಗೆಯೂ ಇಲ್ಲ. ಕಲ್ಲಿದ್ದಲಿನ ಹೊಗೆ ಕಡಿಮೆಯಾದ ಲಾಭ ಇಡೀ ಲೋಕಕ್ಕೆ, ಕೂಲಿ ತಪ್ಪಿದ ನಷ್ಟ ಈ ನಾಲ್ಕಾರು ಊರಿನವರಿಗೆ. ಇದು ನನಗೆ ಸರಿ ಕಾಣಲ್ಲ.

ಇವರಿಗೆ ಕೊಡಲು ದುಡ್ಡು ಇರಲಿಲ್ಲ ಅಂತಲೂ ಅಲ್ಲ. 2010ರಲ್ಲಿ ಕೇಂದ್ರ ಸರ್ಕಾರ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸೆಸ್, ಅಂದ್ರೆ ಒಂದು ಉದ್ದೇಶಕ್ಕೆ ಅಂತ ಹಾಕುವ ತೆರಿಗೆ, ಹಾಕಿತು. 2016ಕ್ಕೆ ಅದು 400 ಆಯ್ತು. ಶುದ್ಧ ಇಂಧನಕ್ಕೆ ಅಂತ ಶುರುವಾದ ಆ ಹಣ 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯಗಳ ತೆರಿಗೆ ನಷ್ಟ ತುಂಬುವ ಬಾಬ್ತಿಗೆ ಹೋಯ್ತು. ಹೊಗೆ ಉಗುಳುವವರಿಂದ ವಸೂಲಿ ಮಾಡಿದ್ದರಲ್ಲಿ ಒಂದು ಪಾಲು ಕೆಲಸ ಕಳೆದುಕೊಂಡವರಿಗೆ ಬರಬೇಕಿತ್ತು, ಅಲ್ವಾ?

ನೀರಿಲ್ಲದ ಖುಷ್ಕಿ ಆದರೆ ಕೊಡಿ. ಬೋರ್‌ವೆಲ್‌ನಲ್ಲಿ ಇನ್ನೂ ನೀರಿರುವ ತೋಟವನ್ನು ಮಾತ್ರ ಕೊಡಬೇಡಿ. ಒಬ್ಬೊಬ್ಬರೇ ಹೋಗಿ ಮಾತಾಡಬೇಡಿ, ಊರವರೆಲ್ಲ ಸೇರಿ ಕೂತು ಮಾತಾಡಿ. ಬೆಲೆ ಏರಿಕೆಗೆ ತಕ್ಕ ಗುತ್ತಿಗೆ, ಜಮೀನಿಲ್ಲದ ಮನೆಗೊಂದು ಕೆಲಸ, ಕುರಿಗಳಿಗೆ ದಾರಿ, ಈ ಮೂರನ್ನೂ ಕರಾರಿನಲ್ಲೇ ಬರೆಸಿ. ಬಾಯಿಮಾತು ಸಾಲದು. ಪಹಣಿ ಇನ್ನೂ ತಾತನ ಹೆಸರಲ್ಲಿದ್ದರೆ ಈಗಲೇ ಪೌತಿ ಖಾತೆ ಮಾಡಿಸಿ ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಿ. ದುಡ್ಡು ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ.