ಕಾಂಕ್ರೀಟ್ ಕಾಲುವೆ ಒಡೆದು ಮತ್ತೆ ನದಿ ಮಾಡಿದ್ರೆ ಪ್ರವಾಹ ಕಮ್ಮಿ ಆಗುತ್ತಾ?

ಆಗುತ್ತೆ, ಆದ್ರೆ ನದಿಗೆ ಅಕ್ಕಪಕ್ಕ ಹರಡ್ಕೊಳ್ಳೋಕೆ ಜಾಗ ಬಿಟ್ರೆ ಮಾತ್ರ (ಬರೀ ದಡದಲ್ಲಿ ವಾಕಿಂಗ್ ಪಾತ್ ಹಾಕೋದಲ್ಲ). ಸಿಂಗಾಪುರದ ಬಿಶಾನ್ ಪಾರ್ಕಲ್ಲಿ ಕಲ್ಲಾಂಗ್ ನದಿ 2.7 ಕಿ.ಮೀ. ನೇರ ಕಾಂಕ್ರೀಟ್ ಚಾನಲ್ ಆಗಿತ್ತು, 2012ರ ಹೊತ್ತಿಗೆ ಅದನ್ನ 3.2 ಕಿ.ಮೀ. ಅಂಕುಡೊಂಕು ನದಿ ಮಾಡಿದ್ರು. ನುಣುಪು ಕಾಂಕ್ರೀಟಲ್ಲಿ ನೀರು ಎಲ್ಲೂ ತಡೆಯಿಲ್ದೆ ಒಂದೇ ಸಲ ಕೆಳಗಿನ ಏರಿಯಾಗೆ ನುಗ್ಗುತ್ತೆ, ಅದೇ ತಿರುವು, ಕಲ್ಲು, ಗಿಡದ ಬೇರು ಇದ್ರೆ ಸ್ಪೀಡ್ ಕಮ್ಮಿಯಾಗಿ ಹೆಚ್ಚಾದ ನೀರು ಪಕ್ಕದ ಹುಲ್ಲಿನ ಮೇಲೆ ಹರಡಿ ಸ್ವಲ್ಪ ಹೊತ್ತು ನಿಂತು ಆಮೇಲೆ ನಿಧಾನಕ್ಕೆ ಇಳಿಯುತ್ತೆ. ಜೋರು ಮಳೆಗೆ ಅಲ್ಲಿ ನದಿ 100 ಮೀಟರ್‌ವರೆಗೂ ಅಗಲ ಆಗುತ್ತೆ, ಜನ ಮೇಲಕ್ಕೆ ಹೋಗ್ಲಿ ಅಂತ ಸೈರನ್ನೂ ಇಟ್ಟಿದಾರೆ. ಅದೇ ಗಿಡ-ಕಲ್ಲಿನ ಸಂದಿಗೆ ಮೀನು, ಏರೋಪ್ಲೇನ್ ಚಿಟ್ಟೆ ಸೇರ್ಕೊಂಡ್ವು, ಮೀನಿನ ಹಿಂದೆ ನೀರುನಾಯಿಗಳೂ ತಾವಾಗೇ ಬಂದ್ವು.