‘ಎಲೆ ಬರೆದದ್ದು ಬೆರ್ಮನ್ ಎನ್ನಲು ಕಥೆಯಲ್ಲಿ ಆಧಾರವೇನು?’: ಪ್ರತಿಕ್ರಿಯೆ
ಓ ಹೆನ್ರಿಯ ‘ದಿ ಲಾಸ್ಟ್ ಲೀಫ್’ ಕಥೆಯಲ್ಲಿ, ಬಳ್ಳಿಯ ಕೊನೆಯ ಎಲೆ ಉದುರಿದರೆ ತಾನೂ ಸಾಯುತ್ತೇನೆಂದು ನಂಬಿದ ರೋಗಿ ಜಾನ್ಸಿಗಾಗಿ ಮುದಿ ಚಿತ್ರಕಾರ ಬೆರ್ಮನ್ ರಾತ್ರಿಯ ಚಳಿಮಳೆಯಲ್ಲಿ ಗೋಡೆಯ ಮೇಲೆ ಎಲೆಯ ಚಿತ್ರ ಬರೆದು, ನ್ಯುಮೋನಿಯಾದಿಂದ ಸಾಯುತ್ತಾನೆ; ಆದರೆ ಅವನು ಆ ಚಿತ್ರ ಬರೆಯುವ ದೃಶ್ಯವೇ ಇಲ್ಲ. ನಿಮ್ಮ ಉತ್ತರ ಬರೀ ಸಾರಾಂಶವಾಗಿರುವುದು ಬಹುಶಃ ಅದಕ್ಕೇ. ಮೊದಲು ಕೊನೆಯ ಪ್ಯಾರಾ ನೋಡಿ: ಒದ್ದೆಯಾದ ಬೂಟು, ಇನ್ನೂ ಉರಿಯುತ್ತಿದ್ದ ಲಾಂದ್ರ, ಎಳೆದು ತಂದ ಏಣಿ, ಚೆದುರಿದ ಕುಂಚಗಳು, ಹಸಿರು ಹಳದಿ ಕಲಸಿದ ಪ್ಯಾಲೆಟ್. ಆಮೇಲೆ ಹಿಂದಕ್ಕೆ ಬನ್ನಿ: ನೆಲದಿಂದ ಸುಮಾರು 20 ಅಡಿ ಮೇಲಿದ್ದ ಎಲೆಗೆ ತೊಟ್ಟಿನ ಬಳಿ ಕಡುಹಸಿರು, ಅಂಚಿಗೆ ಹಳದಿ. ಬಣ್ಣ ತಾಳೆಯಾಯಿತಲ್ಲ, ಅದೇ ಗಟ್ಟಿ ಸಾಕ್ಷಿ; ಏಣಿ ಯಾಕೆ ಬೇಕಾಯಿತೆಂಬುದೂ ತಿಳಿಯಿತು. ಗಾಳಿಗೂ ಅಲುಗದ ಎಲೆಯನ್ನು ನಂತರ ಸೇರಿಸಿ. ‘ತ್ಯಾಗ’ ಎಂಬ ಪದ ಕೊನೆಗಿರಲಿ, ಎಲ್ಲರೂ ಅದರಿಂದಲೇ ಶುರು ಮಾಡಿ ಕೆಡಿಸುತ್ತಾರೆ. ಬೆರ್ಮನ್ ಸಾಯುತ್ತೇನೆಂದು ಗೊತ್ತಿದ್ದೇ ಹೋದನೇ ಎಂಬುದನ್ನು ಕಥೆ ಹೇಳುವುದಿಲ್ಲ, ಖಚಿತವಾಗಿ ಬರೆಯಬೇಡಿ.